ಬಾಯಿ ಮುಚ್ಚುವ ಪ್ರಾಕ್ಟಿಕಲ್

ನಲವತ್ತೆಂಟನೆಯ ವಯಸ್ಸಿನಲ್ಲಿ ಮನಃಶಾಸ್ತ್ರದ ಬಿ.ಎ.ಗೆ ಹೆಸರು ಹಚ್ಚಿದೆ. ಬಬಲೇಶ್ವರದಲ್ಲಿ ನನ್ನದು ಗೊಬ್ಬರ, ಔಷಧಿ ಅಂಗಡಿ. ರೈತ ರೋಗ ಬಿದ್ದ ಎಲೆಯನ್ನು ಕಿಸೆಯಿಂದ ತೆಗೆಯುವುದರೊಳಗೆ ನಾನು ಡಬ್ಬಿ ಇಳಿಸಿಟ್ಟಿರುತ್ತೇನೆ. ಇಪ್ಪತ್ತು ವರ್ಷ ಎಲೆ ಓದಿದವನಿಗೆ ಮನುಷ್ಯರ ಮನಸ್ಸು ಓದುವುದೇನು ಮಹಾ ಎಂದು ನನ್ನ ಸೊಕ್ಕು.

ಆ ಸೊಕ್ಕು ಇಳಿದದ್ದು ಪ್ರಾಕ್ಟಿಕಲ್‌ನಲ್ಲಿ. ಒಬ್ಬರ ಮಾತನ್ನು ಅರ್ಧ ತಾಸು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ಸಲಹೆ ಕೊಡುವಂತಿಲ್ಲ. ಕೊನೆಗೆ ಅವರ ಸಹಿ ಬೇಕು. ಸೋಮವಾರದೊಳಗೆ ರೆಕಾರ್ಡ್ ಕೊಡದಿದ್ದರೆ ಪರೀಕ್ಷೆಗೆ ಬಿಡುವುದಿಲ್ಲ, ವರ್ಷ ಹಾಳು. ಗಾಂಧಿ ಚೌಕದ ಚಹಾದಂಗಡಿಯ ಗೆಳೆಯರು ಆಗಲೇ ನಗಲು ತಯಾರಾಗಿದ್ದರು.

ಮೊದಲು ಹೊನವಾಡದಿಂದ ಬಂದ ದ್ರಾಕ್ಷಿ ಬೆಳೆಗಾರರೊಬ್ಬರನ್ನು ಅಂಗಡಿಯಲ್ಲೇ ಕುಳ್ಳಿರಿಸಿಕೊಂಡೆ. ಈಚೆಗೆ ನಿದ್ದೆ ಬರುತ್ತಿಲ್ಲ ಎಂದು ಅವರು ಶುರು ಮಾಡಿದರು. ಅಷ್ಟೇ ಸಾಕಾಯಿತು. ಸಂಜೆಯ ಚಹಾ ಬಿಡಿ, ಬಿಸಿ ಹಾಲು ಕುಡಿಯಿರಿ, ಅಂಗಾಲಿಗೆ ಎಣ್ಣೆ ತಿಕ್ಕಿ ಎಂದು ನಾಲ್ಕು ನಿಮಿಷದಲ್ಲಿ ಅವರನ್ನು ಗುಣಪಡಿಸಿ ಕಳಿಸಿದೆ. ಖುಷಿಯಿಂದಲೇ ಸಹಿ ಮಾಡಿದರು. ನನ್ನ ಮಗಳ ವಯಸ್ಸಿನ ಮೇಡಂ ರೆಕಾರ್ಡ್ ಓದಿ ಕೆಂಪು ಗೀಟು ಎಳೆದರು.

“ಕಾಕಾರ, ನೀವು ಕೇಳಿಲ್ರಿ. ಅಂಗಡಿ ನಡಸೀರಿ.”

ಭಾನುವಾರ ಬೇರೆ ಯಾರೂ ಸಿಗದೆ ಹೆಂಡತಿಯ ಮುಂದೆ ಕುಳಿತೆ. ತನ್ನದೇನಿದೆ ಹೇಳುವಂಥದ್ದು ಎಂದು ಆಕೆ ಮೆಂತ್ಯ ಸೊಪ್ಪು ಸೋಸುತ್ತಲೇ ಇದ್ದಳು. ಆಮೇಲೆ, ಮಾಳಿಗೆಯ ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ ಎಂದಳು. ಮೂರು ತಿಂಗಳಿಂದ ಕೇಳಿದ್ದೇ. ಮುಲಾಮು ತಂದುಕೊಟ್ಟವನೂ ನಾನೇ. ದಿನಾ ಹಚ್ಚುತ್ತೀಯೋ ಇಲ್ಲವೋ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿ ಹಿಡಿದೆ. ನಾನು ಸುಮ್ಮನಿದ್ದದ್ದು ಕಂಡು ಆಕೆಗೆ ಗಾಬರಿ. ಜ್ವರವೇನಾದರೂ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು. ಇಲ್ಲವೆಂದು ತಲೆಯಾಡಿಸಿದೆ.

ಆಗ ಸೊಪ್ಪು ಕೆಳಗಿಟ್ಟಳು.

“ಕಾಲಿಗೇನೂ ಆಗಿಲ್ರಿ ನನಗ. ಬಾಜೂ ಮನಿಯಾಕಿ ಊರು ಬಿಟ್ಟು ಹೋದ ಮ್ಯಾಲೆ ಮಾಳಗಿಗೆ ಒಬ್ಬಾಕಿನ ಹೋಗಾಕ ಮನಸಾಗವಲ್ದು.”

ಇಬ್ಬರೂ ಅಲ್ಲಿ ಹಪ್ಪಳ, ಶ್ಯಾವಿಗೆ ಒಣಗಿಸುತ್ತ, ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಮಾತಾಡಿಕೊಳ್ಳುತ್ತಿದ್ದರಂತೆ. ನನ್ನ ಮುಂದೆ ಹೇಳಿದರೆ ಅದಕ್ಕೂ ಒಂದು ಔಷಧಿ ತರುತ್ತೇನೆಂದು ಮಾತನ್ನು ಮೊಣಕಾಲಿಗೇ ನಿಲ್ಲಿಸಿದ್ದಳಂತೆ. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಅಷ್ಟರಲ್ಲಿ ಮೊಬೈಲ್ ಗಂಟೆ ಹೊಡೆಯಿತು. ಅರ್ಧ ತಾಸು ಮುಗಿದಿತ್ತು. ಹಾಳೆ, ಪೆನ್ನು ಆಕೆಯ ಮುಂದಿಟ್ಟೆ.

ಆಕೆ ಎರಡನ್ನೂ ಪಕ್ಕಕ್ಕೆ ಸರಿಸಿದಳು.

“ಸಹಿ ಆಮ್ಯಾಲೆ ಮಾಡತೇನಿ. ಈಗಷ್ಟ ಸುರು ಮಾಡೇನಿ.”