ಟ್ರ್ಯಾಕ್ಟರಿಗೂ ಸೋಮವಾರ

ನಮ್ಮಪ್ಪ ದೇವರನ್ನು ನಂಬುತ್ತಾರೋ ಇಲ್ಲವೋ, ಅವರಿಗೇ ಗೊತ್ತಿಲ್ಲ. ದೇವರಿಲ್ಲ ಎಂದು ವಾದಿಸುವವರನ್ನು ಕಂಡರೂ ಅವರಿಗೆ ಆಕಳಿಕೆ ಬರುತ್ತದೆ. ಹಬ್ಬದ ದಿನ ಪೂಜೆ ಮುಗಿಯುವವರೆಗೆ ಅವರು ಕಾಯುವುದು ಹೋಳಿಗೆಗಾಗಿ.

ಆದರೂ ತಾಳಗುಂದದ ನಮ್ಮ ಹೊಲದಲ್ಲಿ ಸೋಮವಾರ ಉಳುಮೆಯಿಲ್ಲ. ಎತ್ತೆಂದರೆ ಬಸವಣ್ಣ, ಶಿವನ ವಾರ ಅದರ ಹೆಗಲಿಗೆ ನೊಗ ಇಡಬಾರದೆಂಬುದು ನಮ್ಮ ಕಡೆಯ ರೂಢಿ. ಎತ್ತು ಮಾರಿ ಟ್ರ್ಯಾಕ್ಟರ್ ತಂದು ಎಷ್ಟೋ ವರ್ಷವಾಯಿತು. ಈಗಲೂ ಸೋಮವಾರ ಬಂತೆಂದರೆ ಟ್ರ್ಯಾಕ್ಟರ್ ಚಪ್ಪರದಡಿ, ಅಪ್ಪ ಶಿಕಾರಿಪುರದ ಚಹಾದಂಗಡಿಯಲ್ಲಿ.

ಈ ವರ್ಷ ಮೆಕ್ಕೆಜೋಳ ಬಿತ್ತುವ ಹದ ಸರಿಯಾಗಿ ಸೋಮವಾರವೇ ಬಂತು. ನಾನು ಕೀಲಿ ಹಿಡಿದು ಸಿಡಿಮಿಡಿಗುಟ್ಟುತ್ತಾ ನಿಂತಿದ್ದೆ. ಒಂದು ದಿನವೂ ಪೂಜೆ ತಪ್ಪಿಸದ ಅವ್ವನೇ ಕೊನೆಗೆ ಬಾಯಿಬಿಟ್ಟಳು: "ಹದ ಹೋಗ್ತೈತಿ ನೋಡ್ರಿ. ಟ್ರ್ಯಾಕ್ಟರೇನು ಬಸವಣ್ಣ ಅಲ್ಲಲ್ಲ. ಹೊಲಕ್ಕೆ ಇಳಿಸ್ರಿ, ಶಿವ ಏನೂ ಅನ್ನಲ್ಲ."

ಅಪ್ಪ ಅಂಗಿಯ ಗುಂಡಿ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

"ಶಿವ ಏನೂ ಅನ್ನಲ್ಲ, ನಂಗೊತ್ತೈತಿ. ಆದ್ರೆ ಇಸ್ಪೀಟಿಗೆ ನಾಲ್ಕನೇ ಕೈ ನಾನು. ಹೋಗ್ದಿದ್ರೆ ಆ ಮೂವರು ಸುಮ್ನೆ ಬಿಡ್ತಾರಾ?"