ಭೀಮೆಯ ನಡುಗಡ್ಡೆಗೆ ಸಾಹೇಬರು ಬಂದ ದಿನ

ನಿವೃತ್ತಿಗೆ ಹಿಂದಿನ ವರ್ಷ ನಾನು ಅಫಜಲಪುರದಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ಅಲ್ಲಿ ಅರಣ್ಯವೆಂದರೆ ಜಾಲಿ ಕಂಟಿ. ವಲಯವೆಂದರೆ ನಾನು ಮತ್ತು ತಳ್ಳಿದರೆ ಮಾತ್ರ ಚಾಲೂ ಆಗುವ ಒಂದು ಜೀಪು.

ಭೀಮಾ ನದಿಯ ಒಂದು ನಡುಗಡ್ಡೆಯಲ್ಲಿ ಗೇಣೆತ್ತರದ ಒಂದು ಗಿಡವಿತ್ತು. ನೋಡಿದರೆ ಬರೀ ಕಸ. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಪರೀಕ್ಷಿಸಿ ‘ಎಂಡೆಮಿಕ್’ ಎಂದರು. ಅಂದರೆ ಈ ಗಡ್ಡೆ ಬಿಟ್ಟರೆ ಬೇರೆಲ್ಲೂ ಬೆಳೆಯದ್ದು. ಮಳೆಗಾಲದಲ್ಲಿ ಹುಟ್ಟಿ, ಚಳಿಗಾಲದಲ್ಲಿ ಒಣಗಿ, ಬೀಜ ಉದುರಿಸಿ ಸಾಯುವ ಜಾತಿ. ಹಸಿ ಕಾಯಿಯ ಬೀಜ ಮೊಳೆಯದು, ತಾನಾಗಿ ಉದುರುವವರೆಗೆ ಮುಟ್ಟಬೇಡಿ ಎಂದಿದ್ದರು.

ಮರಳು ಎತ್ತುವವರು ಗಡ್ಡೆಯನ್ನು ಎರಡೂ ಬದಿಯಿಂದ ತಿನ್ನುತ್ತಿದ್ದರು. ಗಿಡ ಉಳಿದದ್ದು ನೆತ್ತಿಯ ಒಂದು ತುಂಡು ನೆಲದಲ್ಲಿ. ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದರೆ ಮರಳು ನಿಲ್ಲುತ್ತಿತ್ತು. ಅದಕ್ಕೆ ಹಿರಿಯ ಅಧಿಕಾರಿ ಸ್ಥಳ ನೋಡಬೇಕಿತ್ತು. ಬೆನ್ನುಬಿದ್ದು, ಬೈಸಿಕೊಂಡು, ಅಂತೂ ಒಪ್ಪಿಸಿದೆ. ಗಿಡದ ಕಾಯಿ ಇನ್ನೂ ಬಿರಿದು ಬೀಜ ಉದುರಿರಲಿಲ್ಲ.

ಅಪರೂಪದ ಗಿಡದ ಗುರುತು ಊರವರಿಗೆ ಹೇಳಿದರೆ ಕಳವಾಗುತ್ತದೆಂಬುದು ನಮ್ಮಲ್ಲಿನ ಕಟ್ಟಳೆ. ಹಾಗಾಗಿ ಪಂಚಾಯಿತಿ ಅಧ್ಯಕ್ಷ ಶರಣಪ್ಪನವರಿಗೂ ಅದು ಯಾವುದೆಂದು ತಿಳಿದಿರಲಿಲ್ಲ. ಮರಳಿನವರ ಎದುರು ನಿಂತು ನನ್ನ ಪರ ಮಾತಾಡಿದ ಏಕೈಕ ಮನುಷ್ಯ ಅವರು. ಭೇಟಿಯ ದಿನ ನಾನು ದೋಣಿಯಿಂದ ಇಳಿಯುತ್ತಲೇ ಕೈ ಹಿಡಿದು ಮೇಲೆ ಕರೆದೊಯ್ದರು.

“ನಿನ್ನಿ ಹೆಣ್ಮಕ್ಕಳನ್ನ ಹಚ್ಚಿ ಕಸ ಎಲ್ಲಾ ಕಿತ್ತಿ ಸುಡಸೇನ್ರಿ. ಮ್ಯಾಲ ಮುರುಮ ಹಾಕಸೇನಿ. ದೊಡ್ಡ ಸಾಹೇಬ್ರ ಕಾಲಿಗಿ ಒಂದ್ ಮುಳ್ಳ ಚುಚ್ಚಬಾರ್ದು ನೋಡ್ರಿ.”

ನೆತ್ತಿಯ ತುಂಬ ಮುರುಮಿನ ಕೆಂಪು ಜಲ್ಲಿಮಣ್ಣು, ಸುತ್ತ ಸುಣ್ಣ ಬಳಿದ ಕಲ್ಲು. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಗಿಡವಿದ್ದ ಜಾಗದ ಮುರುಮನ್ನು ಬೂಟಿನ ತುದಿಯಿಂದ ಕೆದಕಿ ನೋಡಿದೆ.

“ಗಿಡ ಯಾವ ಕಡಿ ಅದರಿ ಸಾಹೇಬ್ರ? ತೋರಸ್ರಿ, ಅದಕ್ಕೂ ಒಂದು ಹಾರ ತಂದೇನಿ.”

 ಅಷ್ಟರಲ್ಲಿ ಹಿರಿಯ ಅಧಿಕಾರಿ ಬಂದರು. ಜಾಗವನ್ನು ಚೊಕ್ಕಟವಾಗಿ ಇಟ್ಟಿದ್ದೀರಿ ಎಂದು ಮೆಚ್ಚಿ, ಆದೇಶಕ್ಕೆ ಒಪ್ಪಿಗೆ ಕೊಟ್ಟರು. ಗಿಡ ಹೋಯಿತೆಂದು ಅವರಿಗೂ ನಾನು ಹೇಳಲಿಲ್ಲ. ಹೇಳಿದ್ದರೆ ಗಡ್ಡೆಯೂ ಹೋಗುತ್ತಿತ್ತು.

ಆಮೇಲೆ ಮುರುಮು ತೆಗೆಸಿದೆ. ಮಳೆಗಾಲದಲ್ಲಿ ಹುಲ್ಲು ಬಂತು, ಜಾಲಿ ಬಂತು. ಅದು ಬರಲಿಲ್ಲ. ಶರಣಪ್ಪನವರು ಈಗಲೂ ಫೋನ್ ಮಾಡಿ, “ನಿಮ್ಮ ಗಿಡ ಆರಾಮ ಅದರಿ, ಯಾರ್ನೂ ಹತ್ರ ಬಿಡವಲ್ಲೆ” ಎನ್ನುತ್ತಾರೆ. ಕಾಯುವವರಿಗೆ ಮೊದಲು ಕಾಯಬೇಕಾದದ್ದನ್ನು ತೋರಿಸಬೇಕು ಎಂಬುದು ನೌಕರಿ ನನಗೆ ಕಲಿಸಿದ ಪಾಠ. ಅವರಿಗೆ ಮಾತ್ರ ನಾನು “ಹೌದ್ರಿ” ಎಂದಷ್ಟೇ ಹೇಳುತ್ತೇನೆ.