ಎಂಟು ಮನೆ ನೀರು ತುಂಬುವವರೆಗೆ

ಹೊಟ್ಟೆಯ ಕೆಳಗೆ ಏನೋ ಗಟ್ಟಿಯಾಗಿದೆ ಎಂದು ಮೊದಲು ಗೊತ್ತಾದದ್ದು ಸೀರೆಯ ನೆರಿಗೆ ಸಿಕ್ಕಿಸುವಾಗ. ಶಾಲೆಗೆ ಹೊತ್ತಾಗಿತ್ತು. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಹೊರಟೆ. ಮಧ್ಯಾಹ್ನ ಎರಡನೇ ತರಗತಿಗೆ ಉಕ್ತಲೇಖನ ಕೊಡುತ್ತಿದ್ದಾಗ ಚಳಿ ಹತ್ತಿತು. ಹಲ್ಲು ಕಟಕಟ ಎನ್ನುವಂಥ ಚಳಿ. ಗಂಡ ಬಂದು ಬಸವನಗುಡಿಯ ಶಾಲೆಯಿಂದಲೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸ್ಕ್ಯಾನ್ ಮಾಡಿದ ಡಾಕ್ಟರ್ ಟಾಯ್ಲೆಟ್‌ಗೆ ಹೋಗಿ ಬನ್ನಿ ಎಂದರು. ಹೋಗಿ ಬಂದೆ. ಮತ್ತೆ ಸ್ಕ್ಯಾನ್ ಮಾಡಿ, ಇನ್ನೊಮ್ಮೆ ಹೋಗಿ ಬನ್ನಿ ಎಂದರು. ನನಗೆ ರೇಗಿತು. ಕೊನೆಗೆ ನರ್ಸ್ ಮೂತ್ರ ಇಳಿಸುವ ಟ್ಯೂಬು, ಕ್ಯಾಥೆಟರ್, ಹಾಕಿದಳು. ಮೂತ್ರ ಇಳಿಯುತ್ತಲೇ ಹೋಯಿತು. ಬ್ಯಾಗಿನ ಮೇಲಿನ ಗೆರೆ ಒಂದು ಲೀಟರ್ ದಾಟಿತು.

"ಇಷ್ಟು ತುಂಬ್ಕೊಂಡಿದ್ರೂ ನಿಮಗೆ ಅರ್ಜೆಂಟ್ ಅನ್ನಿಸ್ಲಿಲ್ವಾ ಮೇಡಂ?" ಎಂದರು ಡಾಕ್ಟರ್.

ಅನ್ನಿಸಿರಲಿಲ್ಲ.

ಎಷ್ಟು ವರ್ಷದಿಂದ ಅನ್ನಿಸಿಲ್ಲ ಎಂದು ಯೋಚಿಸಿದರೆ ಲೆಕ್ಕಕ್ಕೇ ಸಿಗಲಿಲ್ಲ. ಬೆಳಗ್ಗೆ ಒಂದು ಸಲ, ಶಾಲೆಯಿಂದ ಬಂದ ಮೇಲೆ ಒಂದು ಸಲ, ಅದೂ ಗಡಿಯಾರ ನೋಡಿಕೊಂಡು. ಸ್ಟಾಫ್ ರೂಮಿನಲ್ಲಿ ಇದು ನನ್ನ ಹೆಗ್ಗಳಿಕೆ ಬೇರೆ. ಆ ಗಬ್ಬು ನಾರುವ ಟಾಯ್ಲೆಟ್ಟಿಗೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾಲಿಡದ ಟೀಚರ್ ನಾನೊಬ್ಬಳೇ. ಕಿರುಬೆರಳು ಎತ್ತಿ "ಮಿಸ್, ಒಂದಕ್ಕೆ" ಎನ್ನುವ ಮಕ್ಕಳಿಗೆ "ಬೆಲ್ ಹೊಡೀಲಿ, ಕೂತ್ಕೋ" ಎನ್ನುತ್ತಿದ್ದೆ. ಈಗ ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹದಿನೈದು ದಿನ ಟೆಸ್ಟುಗಳು ನಡೆದವು. ಬೆನ್ನುಮೂಳೆ ಸರಿಯಾಗಿದೆ. ನರಗಳು ಸರಿಯಾಗಿವೆ. ಬಲಗಡೆಯ ಕಿಡ್ನಿ ಮಾತ್ರ ಊದಿಕೊಂಡಿದೆ.

"ನೀವು ಬಿಡ್ತಿಲ್ಲ. ಬಿಗಿ ಹಿಡ್ಕೊಂಡಿದೀರಿ" ಎಂದರು ಡಾಕ್ಟರ್.

"ಬೇಕು ಅಂತ ಹಿಡ್ಕೋತೀನಾ ಸಾರ್?"

"ಇಲ್ಲ. ಮೈ ಹಿಡ್ಕೊಂಡಿದೆ. ಹೀಗೇ ಬಿಟ್ರೆ ಕಿಡ್ನಿ ಹೋಗುತ್ತೆ."

ಇನ್ನು ದಿನಕ್ಕೆ ನಾಲ್ಕು ಸಲ ನಾನೇ ಟ್ಯೂಬ್ ಹಾಕಿಕೊಂಡು ಖಾಲಿ ಮಾಡಬೇಕು. ಬಹುಶಃ ಜೀವನಪೂರ್ತಿ.

ಮೂವತ್ತೆಂಟನೇ ವಯಸ್ಸಿನಲ್ಲಿ ಬಚ್ಚಲ ನೆಲದ ಮೇಲೆ ಕಾಲಗಲಿಸಿ, ಎದುರಿಗೆ ಕನ್ನಡಿ ಇಟ್ಟುಕೊಂಡು ಕೂತೆ. ಅಲ್ಲಿಯವರೆಗೆ ನಾನು ನನ್ನನ್ನು ಅಲ್ಲಿ ನೋಡಿಕೊಂಡವಳಲ್ಲ. ಬೆರಳಿಗೆ ಅಂಟುವ ಜೆಲ್ಲಿ, ಚುಚ್ಚುವ ಟ್ಯೂಬು, ಸ್ಟೀಲ್ ಬೋಗುಣಿಯಲ್ಲಿ ಬೆಚ್ಚಗೆ ತುಂಬುವ ನನ್ನದೇ ಮೂತ್ರ. ಮೊದಲ ವಾರವೆಲ್ಲ ಓಕರಿಸಿಕೊಂಡೇ ಮಾಡಿದೆ. ಸಹಾಯಕ್ಕೆಂದು ಬಂದ ಅಮ್ಮ ಬಾಗಿಲಾಚೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತು, "ಆ ಬೋಗುಣಿ ಅಡುಗೆಮನೆ ಕಡೆ ತರ್ಬೇಡ್ವೇ" ಎಂದಳು. ಅವಳು ಮಡಿಯವಳು. ಎರಡನೇ ದಿನ ಅಪ್ಪನಿಗೆ ಅಡುಗೆ ಮಾಡಬೇಕೆಂದು ಹೊರಟುಹೋದಳು.

ಒಂದು ತಿಂಗಳ ಮೇಲೆ ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟರು. "ಕೆಳಗಡೆ ಫಿಸಿಯೋ ಇದಾರೆ. ಗ್ಯಾರಂಟಿ ಕೊಡಲ್ಲ. ನೋಡಿ ಒಂದ್ಸಲ."

ಫಿಸಿಯೋಥೆರಪಿಸ್ಟ್ ತಸ್ನೀಮ್ ಚಾಮರಾಜಪೇಟೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಹೆರಿಗೆಯಾದ ಹೆಂಗಸರಿಗೆ ವ್ಯಾಯಾಮ ಹೇಳಿಕೊಡುವುದು ಅವಳ ಕೆಲಸ. ನೆಲದ ಮೇಲಿನ ನೀಲಿ ರೆಕ್ಸಿನ್ ಮ್ಯಾಟ್ ಯಾರ್ಯಾರದೋ ಬೆವರಿನಿಂದ ಜಿಗುಟಾಗಿತ್ತು. ಮನೆಯಿಂದ ತಂದಿದ್ದ ಟವೆಲ್ ಹಾಸಿಯೇ ಮಲಗಿದೆ.

ಫೈಲು ತುಂಬಿಸುತ್ತ ಅವಳು ಕೇಳಿದಳು. "ಚಿಕ್ಕೋರಿದ್ದಾಗ ಹಾಸಿಗೆ ಒದ್ದೆ ಮಾಡ್ಕೋತಿದ್ರಾ?"

ನನಗೆ ನಗು ಬಂತು. ಅದು ನಮ್ಮ ಮನೆಯ ಪ್ರಸಿದ್ಧ ಜೋಕು. ಅಪ್ಪ ಅದನ್ನು ಹೇಳದ ಮದುವೆ ಮುಂಜಿ ಇಲ್ಲ. ಅಪ್ಪ ಹೇಳುವ ಧಾಟಿಯಲ್ಲೇ ಹೇಳಿದೆ.

ಆಗ ನಾವು ಚಾಮರಾಜಪೇಟೆಯ ವಠಾರದಲ್ಲಿದ್ದೆವು. ಎಂಟು ಮನೆ, ಒಂದು ನಲ್ಲಿ. ಏಳು ವರ್ಷವಾದರೂ ನಾನು ಹಾಸಿಗೆ ಒದ್ದೆ ಮಾಡುತ್ತಿದ್ದೆ. ಒಂದು ಬೆಳಗ್ಗೆ ಅಪ್ಪ ಆ ಒದ್ದೆ ಜಮಖಾನವನ್ನು ಮಡಿಸಿ ನನ್ನ ತಲೆಯ ಮೇಲೆ ಹೊರಿಸಿ ನಲ್ಲಿಯ ಪಕ್ಕ ನಿಲ್ಲಿಸಿದರು. ಎಂಟು ಮನೆಯವರೂ ನೀರು ತುಂಬಿಕೊಂಡು ಹೋಗುವವರೆಗೆ ನಿಲ್ಲಬೇಕು. ಹೀಗೆ ಮೂರು ದಿನ. ನಾಲ್ಕನೇ ದಿನ ಹಾಸಿಗೆ ಒದ್ದೆಯಾಗಿರಲಿಲ್ಲ. "ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ, ಮೂರೇ ದಿನದ ಟ್ರೀಟ್‌ಮೆಂಟು!" ಎಂದು ಅಪ್ಪ ತೊಡೆ ತಟ್ಟುತ್ತಾರೆ. ಎಲ್ಲರೂ ನಗುತ್ತಾರೆ. ನನ್ನ ನಿಶ್ಚಿತಾರ್ಥದ ದಿನ ನಾನೂ ನಕ್ಕಿದ್ದೆ. ಅಪ್ಪ ಮರೆತಿದ್ದ ಒಂದು ವಿವರವನ್ನು ನಾನೇ ಸೇರಿಸಿಕೊಟ್ಟಿದ್ದೆ.

ತಸ್ನೀಮ್ ನಗಲಿಲ್ಲ.

"ಹೇಗೆ ನಿಂತಿದ್ರಿ ಮೇಡಂ? ಎದ್ದು ತೋರಿಸಿ."

ಇದೇನು ನಾಟಕ ಎಂದುಕೊಂಡೇ ಎದ್ದೆ. ತಲೆಯ ಮೇಲೆ ಎರಡೂ ಕೈ ಎತ್ತಿ ನಿಂತೆ. ನಾನು ಹೇಳದೆಯೇ ತೊಡೆಗಳು ಒಂದಕ್ಕೊಂದು ಅಂಟಿಕೊಂಡವು. ಕಾಲ್ಬೆರಳು ನೆಲವನ್ನು ಕಚ್ಚಿದವು. ಹೊಟ್ಟೆ ಒಳಕ್ಕೆ ಹೋಯಿತು, ಹಲ್ಲು ಕಚ್ಚಿಕೊಂಡವು, ಉಸಿರು ನಿಂತಿತು. ಆಮೇಲೆ ವಾಸನೆ ಬಂತು. ರಾತ್ರಿಯೆಲ್ಲ ಒದ್ದೆಯಾಗಿದ್ದ ದಪ್ಪ ಜಮಖಾನದ ವಾಸನೆ. ಕಿವಿಯ ಹಿಂದೆ ಇಳಿದು ಕತ್ತಿನೊಳಗೆ ಹೋಗುತ್ತಿದ್ದ ತಣ್ಣನೆಯ ಹನಿ. ಮೋರಿಯ ಬಳಿ ಹಲ್ಲುಜ್ಜುತ್ತ, ಉಗಿಯುತ್ತ, ನನ್ನನ್ನು ನೋಡಿ ನಗುತ್ತಿದ್ದವರ ನೊರೆ ತುಂಬಿದ ಬಾಯಿಗಳು.

ಬಕೆಟ್ ಸಿಗುವ ಮೊದಲೇ ವಾಂತಿಯಾಯಿತು.

"ಬರ್ಲಿ ಮೇಡಂ. ಏನ್ ಬರುತ್ತೋ ಬರ್ಲಿ" ಎಂದು ಅವಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. ವಾಂತಿ ಒಂದಿಷ್ಟು ಅವಳ ಚಪ್ಪಲಿಯ ಮೇಲೂ ಬಿದ್ದಿತ್ತು. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ.

ಬಾಲ್ಯದ ಆಘಾತ ಎಂಬ ದೊಡ್ಡ ಮಾತು ನನಗೆ ಇಂದಿಗೂ ಹಿಡಿಸುವುದಿಲ್ಲ. ನನ್ನನ್ನು ಯಾರೂ ಹೊಡೆದಿರಲಿಲ್ಲ, ಉಪವಾಸ ಕೆಡವಿರಲಿಲ್ಲ. ಆದರೆ ಆ ಮೂರು ದಿನಗಳಲ್ಲಿ ನನ್ನ ಮೈ ಒಂದು ಪಾಠ ಕಲಿತು ಬಾಯಿಪಾಠ ಮಾಡಿಕೊಂಡಿತ್ತು, ಅದನ್ನು ಮರೆಯಬಹುದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಬಾಯಿಮಾತಿಗೆ ಅದು ಬಗ್ಗುವುದೂ ಇಲ್ಲ. ತಸ್ನೀಮ್ ಮೈಗೇ ಹೇಳಿಕೊಟ್ಟಳು. ಮೊದಲು ಕಾಲ್ಬೆರಳು ಬಿಡಿಸುವುದು. ಆಮೇಲೆ ದವಡೆ ಸಡಿಲ ಬಿಡುವುದು. ಕಿಟಕಿಯ ಸರಳು ಹಿಡಿದು ಕುಕ್ಕರಗಾಲಲ್ಲಿ ಕೂತು, ಹೊಟ್ಟೆ ಊದುವಂತೆ ಉಸಿರೆಳೆದು, "ಊ" ಎಂದು ಉದ್ದಕ್ಕೆ ಗುನುಗುತ್ತ ಬಿಡುವುದು. ತಿಣುಕಬಾರದು. ಅವಸರ ಮಾಡಬಾರದು. ವಾರಕ್ಕೆ ಎರಡು ದಿನ ಅವಳ ಹತ್ತಿರ, ಉಳಿದ ದಿನ ಮನೆಯಲ್ಲಿ. ಪಕ್ಕದ ಮನೆಯವರು ಸಂಗೀತ ಕಲಿಯುತ್ತಿದ್ದೀರಾ ಎಂದು ಕೇಳಿದರು.

ಮೂರು ತಿಂಗಳು ಏನೂ ಆಗಲಿಲ್ಲ. ಆದದ್ದೆಂದರೆ ಹೇಸಿಗೆ. ಕುಕ್ಕರಗಾಲಲ್ಲಿ ಕೂತಾಗಲೆಲ್ಲ ಒಬ್ಬೊಬ್ಬರೇ ಕಣ್ಣೆದುರು ಬರುತ್ತಿದ್ದರು. ಕೊಡ ತುಂಬಿದರೂ ತಮಾಷೆ ನೋಡಲು ನಿಂತವರು. ಒಂದು ಮಾತೂ ಆಡದೆ ಜಮಖಾನ ಒಗೆದು ಹರವಿದ ಅಮ್ಮ. ತೊಡೆ ತಟ್ಟುವ ಅಪ್ಪ. ಅವರ ಜೊತೆ ನಗುವ ನಾನು. ಎಲ್ಲರ ಮೇಲೂ ಉಗಿಯಬೇಕು ಅನ್ನಿಸುತ್ತಿತ್ತು. ನಾಲ್ಕನೇ ತಿಂಗಳಿನಿಂದ ಟ್ಯೂಬಿನಲ್ಲಿ ಬರುವುದು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಅಂದರೆ ಮಿಕ್ಕದ್ದು ತಾನಾಗಿ ಬರುತ್ತಿತ್ತು. ಆದರೂ ಹೊತ್ತು ನೋಡಿಕೊಂಡೇ ಹೋಗಬೇಕಿತ್ತು. ಬರುತ್ತಿದೆ ಎಂದು ಒಳಗಿನಿಂದ ತಿಳಿಯುತ್ತಿರಲಿಲ್ಲ.

ಆ ವರ್ಷ ಅಪ್ಪನಿಗೆ ಎಪ್ಪತ್ತು ತುಂಬಿ ಬಸವನಗುಡಿಯ ಒಂದು ಛತ್ರದಲ್ಲಿ ಭೀಮರಥ ಶಾಂತಿ ಆಯಿತು. ಊಟವಾಗಿ ಎಲ್ಲರೂ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಚಿಕ್ಕಪ್ಪನ ಮಗಳು ವೀಣಾ ತನ್ನ ಆರು ವರ್ಷದ ಮಗಳು ಅಪೂರ್ವಳ ಬಗ್ಗೆ ಯಾರಿಗೋ ಹೇಳಿಕೊಂಡಳು. "ಇನ್ನೂ ಹಾಸಿಗೇಲೇ ಮಾಡ್ಕೋತಾಳೆ. ಏನ್ ಮಾಡೋದೋ ಗೊತ್ತಾಗ್ತಿಲ್ಲ." ಆ ಮಗು ಅಮ್ಮನ ಸೀರೆಯಲ್ಲಿ ಮುಖ ಮುಚ್ಚಿಕೊಂಡಿತು.

ಅಪ್ಪನ ಮುಖ ಅರಳಿತು. "ನನ್ಹತ್ರ ಇದ್ಯಲ್ಲಮ್ಮ ಮದ್ದು! ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಈ ಸುಮೀನೇ ಕೇಳು."

ಎಲ್ಲರೂ ನನ್ನತ್ತ ತಿರುಗಿದರು. ನಗುವುದಕ್ಕೆ ಸಿದ್ಧರಾಗಿ.

"ಆ ಮದ್ದಿಂದ ನನ್ನ ಕಿಡ್ನಿ ಹೋಗೋದ್ರಲ್ಲಿತ್ತು ಅಪ್ಪಾ" ಎಂದೆ. "ದಿನಾ ಟ್ಯೂಬ್ ಹಾಕ್ಕೊಂಡು ಉಚ್ಚೆ ತೆಗೀತಿದೀನಿ. ವೀಣಾ, ಈ ಮಗೂಗೆ ಯಾರಾದ್ರೂ ಹಾಗ್ ಮಾಡಿದ್ರೆ ನಾನು ಸುಮ್ನಿರಲ್ಲ."

"ಊಟದ ಜಾಗದಲ್ಲಿ ಏನೇ ಇದು ಅಸಹ್ಯ!" ಎಂದಳು ಅಮ್ಮ.

"ಅಸಹ್ಯಾನೇ ಅಮ್ಮ. ಮೂವತ್ತು ವರ್ಷದಿಂದ ಅಸಹ್ಯ."

"ತಮಾಷೆಗೆ ಹೇಳಿದ್ರೆ..." ಎಂದು ಅಪ್ಪ ಶಲ್ಯ ಸರಿಮಾಡಿಕೊಂಡರು. ಆಗ ಹೊಟ್ಟೆಯ ಕೆಳಗೆ ಏನೋ ಭಾರ, ಸಣ್ಣಗೆ ಉರಿ. ಇದೇನೆಂದು ಒಂದು ಕ್ಷಣ ಹೊಳೆಯಲಿಲ್ಲ.

ಹೊಳೆದಾಗ ಎದ್ದುನಿಂತೆ. "ನಾನು ಉಚ್ಚೆ ಮಾಡಕ್ಕೆ ಹೋಗ್ತಿದೀನಿ" ಎಂದು ಅಷ್ಟು ಜನರೆದುರು ಹೇಳಿದೆ.

"ದೊಡ್ಡಮ್ಮಾ, ನಂಗೂ" ಎಂದಳು ಅಪೂರ್ವ.

ಛತ್ರದ ಟಾಯ್ಲೆಟ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಎಲೆಯಡಿಕೆ ಉಗಿದ ಗೋಡೆ, ನಿಂತ ನೀರು, ನೊಣ. ಸೀರೆ ಎತ್ತಿಕಟ್ಟಿ ಕೂತೆ. ಪಕ್ಕದ ಬಾಗಿಲಿನಿಂದ ಮಗು ಕೇಳಿತು. "ಇದೀರಾ ದೊಡ್ಡಮ್ಮ?"

"ಇದೀನಿ ಪುಟ್ಟ. ನಿಧಾನಕ್ಕೆ ಮಾಡು. ಯಾರೂ ಬೈಯಲ್ಲ."

ಅವಳದ್ದೂ ಬಂತು. ನನ್ನದೂ ಬಂತು. ಆ ಗಬ್ಬಿನ ನಡುವೆ ಕೂತು ಅತ್ತೆ.

ಈಗ ದಿನಕ್ಕೆ ಒಂದೇ ಸಲ ಟ್ಯೂಬ್. ಕಿಡ್ನಿಯ ಊತ ಇಳಿದಿದೆ. ಪೂರ್ತಿ ವಾಸಿಯಾಗುತ್ತದೆಂದು ನಂಬಿಕೊಳ್ಳಬೇಡಿ ಎಂದಿದ್ದಾರೆ ಡಾಕ್ಟರ್, ನಂಬಿಕೊಂಡಿಲ್ಲ. ಅಪ್ಪನ ಮೇಲಿನ ಹೇಸಿಗೆ ಇಳಿದಿಲ್ಲ. ಇಳಿಯಲೇಬೇಕು ಎಂದು ತಸ್ನೀಮ್ ಕೂಡ ಹೇಳಿಲ್ಲ, ಅದಕ್ಕೆ ಅವಳಿಗೆ ಋಣಿ. ಅಪ್ಪ ಆ ಕಥೆಯನ್ನು ಮತ್ತೆ ಹೇಳಿದ್ದನ್ನು ಕೇಳಿಲ್ಲ.

ಕಳೆದ ವಾರ ಅಮ್ಮ ಫೋನ್ ಮಾಡಿದಳು. ಮಳೆ, ತರಕಾರಿ, ಅಪ್ಪನ ಮಂಡಿನೋವು ಎಲ್ಲ ಆಯಿತು. ಆಮೇಲೆ ದನಿ ತಗ್ಗಿಸಿದಳು.

"ಈಗ ದಿನಕ್ಕೆ ಎಷ್ಟು ಸಲ ಹೋಗ್ತೀಯೇ?"

"ಐದು ಸಲ."



"ಅಷ್ಟು ಸಲ ಹೋಗ್ಬಹುದೇನೇ, ಹೆಂಗಸ್ರು?"

ನಾನು ಗೋಡೆಗೆ ಒರಗಿಕೊಂಡೆ. "ಹೋಗ್ಬಹುದಮ್ಮ. ಈಗ ಬರ್ತಿದ್ಯಾ ನಿಂಗೆ? ಫೋನ್ ಇಡು. ಹೋಗ್ಬಿಟ್ಟು ಬಾ" ಎಂದೆ.